ಗ್ಯಾರೇಜ್ ಪ್ರಶ್ನೋತ್ತರ: ಹಳೇ ಮೋವರ್ ಹುಡುಕೋದು, ರಿಪೇರಿ ಮಾಡೋದು, ರೇಸಿಗೆ ಬಿಡೋದು

ಹೋದ ಸಂಚಿಕೇಲಿ ಒಂದೇ ಒಂದ್ ಸಾಲು ಬರ್ದಿದ್ದೆ, ಕೂತ್ಕೊಂಡು ಓಡ್ಸೋ ಹುಲ್ಲು ಕತ್ತರಿಸೋ ಗಾಡೀಲಿ ಇಲ್ಲಿ ಅಮೆರಿಕದ ಜನ ರೇಸೂ ಮಾಡ್ತಾರೆ ಅಂತ. ಅಷ್ಟಕ್ಕೇ ಪ್ರಶ್ನೆಗಳ ರಾಶಿ ಬಂದು ಬಿದ್ದಿದೆ, ಅದಕ್ಕೆ ಈ ಸಲ ಪೂರ್ತಿ ಅಂಕಣ ಇದಕ್ಕೇ ಮೀಸಲು. ಮೊದ್ಲೇ ಒಂದ್ ಮಾತು, ದಯವಿಟ್ಟು ಆ ಗಾಡಿಗೆ "ಮೋವರ್" ಅಂತ ಬರೀರಿ. "ಹಳೇ ಮೂವರನ್ನ ಎಷ್ಟಕ್ಕೆ ಕೊಳ್ಬಹುದು" ಅಂತ ಒಬ್ರು ಕೇಳಿದಾರೆ, ಓದಿ ನಂಗೆ ಗಾಬ್ರಿ ಆಯ್ತು.

ಪ್ರಶ್ನೆ: ಓಹಾಯೋದಲ್ಲಿ ಹೊಸ ಮನೆ ತಗೊಂಡ್ವಿ, ಒಂದ್ ಎಕರೆ ಹುಲ್ಲು. ಹೊಸ ರೈಡಿಂಗ್ ಮೋವರ್ ರೇಟ್ ನೋಡಿ ತಲೆ ತಿರುಗ್ತು. ಹಳೇದು ತಗೊಂಡ್ರೆ ಮೋಸ ಹೋಗಲ್ವಾ?

ಹೋಗ್ತೀರ, ಪೇಂಟ್ ನೋಡಿ ತಗೊಂಡ್ರೆ. ನಾನೂ ಹೋಗಿದೀನಿ. ಫಳಫಳ ಹಸಿರು ಬಣ್ಣ ಹೊಡೆದಿದ್ದ ಗಾಡಿ ತಂದು ಮನೇಲಿ ಜ್ಯಾಕ್ ಹಾಕಿ ಎತ್ತಿ ನೋಡಿದ್ರೆ ಬ್ಲೇಡ್ ಮೇಲೆ ಮುಚ್ಕೊಂಡಿರೋ ತಗಡು, ಅಂದ್ರೆ ಡೆಕ್, ಅದ್ರ ಅಡೀಲಿ ತುಕ್ಕು ತಿಂದು ಹಪ್ಪಳ ಆಗಿತ್ತು, ಸ್ಕ್ರೂಡ್ರೈವರ್ ಒತ್ತಿದ ಕಡೆ ತೂತು.

ಯಾವಾಗ ಹುಡುಕ್ಬೇಕು ಅಂದ್ರೆ ಅಕ್ಟೋಬರ್ ನವೆಂಬರಲ್ಲಿ. ಏಪ್ರಿಲಲ್ಲಿ ಇಡೀ ಊರಿಗೇ ಮೋವರ್ ಬೇಕು, ಚಳಿಗಾಲ ಹತ್ರ ಬಂದಾಗ ಗ್ಯಾರೇಜಲ್ಲಿ ಜಾಗ ಸಾಕಾಗ್ದೆ ಜನ ಸಿಕ್ಕಿದ ರೇಟಿಗೆ ಸಾಗಾಕ್ತಾರೆ. ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಕ್ರೇಗ್ಸ್‌ಲಿಸ್ಟ್ ಎಲ್ರಿಗೂ ಗೊತ್ತು, ಆದ್ರೆ ನನ್ ಪ್ರಕಾರ ಒಳ್ಳೇ ಮಾಲು ಸಿಗೋದು ತೀರ್ಕೊಂಡವ್ರ ಮನೆ ಸಾಮಾನು ಮಾರೋ ಎಸ್ಟೇಟ್ ಸೇಲಲ್ಲಿ, ವಯಸ್ಸಾದವ್ರು ಮೂವತ್ತು ವರ್ಷ ಎಣ್ಣೆ ಬದಲಾಯಿಸ್ತಾ ಜೋಪಾನ ಮಾಡಿರ್ತಾರೆ, ಮಕ್ಕಳಿಗೆ ಅದೊಂದು ಕಬ್ಬಿಣದ ಗುಡ್ಡೆ ಅಷ್ಟೆ.

ನೋಡೋಕೆ ಹೋದಾಗ ಮೊದ್ಲು ಎಂಜಿನ್ ಮುಟ್ಟಿ. ಬಿಸಿ ಇದ್ರೆ ನೀವ್ ಬರೋಕ್ ಮುಂಚೆ ಸ್ಟಾರ್ಟ್ ಮಾಡಿಟ್ಟಿದಾರೆ ಅಂತ ಅರ್ಥ, ಯಾಕೆ ಅಂತ ಕೇಳಿ. ಎಣ್ಣೆ ಮಟ್ಟ ನೋಡೋ ಕಡ್ಡಿ, ಡಿಪ್‌ಸ್ಟಿಕ್, ತೆಗ್ದು ಮೂಸಿ, ಎಣ್ಣೇಲಿ ಪೆಟ್ರೋಲ್ ವಾಸನೆ ಬಂದ್ರೆ ಕಾರ್ಬ್ಯುರೇಟರ್ ಸೋರಿ ಒಳಗಿಳ್ದಿದೆ, ಅದು ಚಿಕ್ಕ ರಿಪೇರಿ, ಆದ್ರೆ ಆ ಎಣ್ಣೇಲಿ ಎಷ್ಟ್ ದಿನ ಓಡ್ಸಿದ್ರೋ ದೇವರೇ ಬಲ್ಲ. ನೀಲಿ ಹೊಗೆ ಬಿಡ್ತಾನೇ ಇದ್ರೆ ರೇಟ್ ಅರ್ಧ ಮಾಡಿ ಇಲ್ಲಾಂದ್ರೆ ಎದ್ದು ಬನ್ನಿ. ಬ್ಲೇಡ್ ಕೂರೋ ಸ್ಪಿಂಡಲ್ ಅಲ್ಲಾಡ್ಸಿ ನೋಡೋದಾದ್ರೆ ಎಂಜಿನ್ ಆಫ್ ಮಾಡಿ ಸ್ಪಾರ್ಕ್ ಪ್ಲಗ್ ವೈರ್ ಕಿತ್ತಿಟ್ಟೇ ಕೈ ಹಾಕ್ಬೇಕು. ಕೊನೇದಾಗಿ, ಗೇರ್ ಇಲ್ದೇ ಪೆಡಲ್ ಒತ್ತಿದ್ರೆ ಹೋಗೋ ಹೈಡ್ರೋಸ್ಟ್ಯಾಟಿಕ್ ಗಾಡಿ ಆದ್ರೆ ಇಪ್ಪತ್ತು ನಿಮಿಷ ಓಡ್ಸಿ, ಎಣ್ಣೆ ಬಿಸಿ ಆದ್ಮೇಲೆ ದಿಬ್ಬ ಹತ್ಸಿ. ತಣ್ಣಗಿದ್ದಾಗ ಕುದುರೆ ಥರ ಓಡಿ ಬಿಸಿ ಆದ್ಮೇಲೆ ಮೊಂಡು ಹಿಡಿಯೋ ಗಾಡಿಗಳೇ ಜಾಸ್ತಿ, ಆ ಗೇರ್‌ಬಾಕ್ಸ್ ಬದಲಾಯಿಸೋ ಖರ್ಚಲ್ಲಿ ಇನ್ನೊಂದ್ ಹಳೇ ಗಾಡಿ ಬರುತ್ತೆ.

ಪ್ರಶ್ನೆ: ಯಾವ ಹಳೇ ಮಾಡೆಲ್ ಒಳ್ಳೇದು?

ನಂಗೆ ಎರಕದ ಕಬ್ಬಿಣದ ಎಂಜಿನ್ ಕಂಡ್ರೆ ಪ್ರೀತಿ, ಪಕ್ಷಪಾತ ಅಂತಾನೇ ಇಟ್ಕೊಳ್ಳಿ. ಕೋಹ್ಲರ್ ಕೆ ಸೀರೀಸ್ ಎಂಜಿನ್ ಇರೋ ಹಳೇ ಕಬ್ ಕೆಡೆಟ್ (1961ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನವ್ರು ಶುರು ಮಾಡಿದ್ದು), 1963ರಲ್ಲಿ ಬಂದ ಜಾನ್ ಡಿಯರ್ 110, ಆಮೇಲೆ ವೀಲ್ ಹಾರ್ಸ್. ಇವೆಲ್ಲ ಹುಲ್ಲು ಕತ್ತರಿಸೋದಷ್ಟೇ ಅಲ್ಲ, ಹಿಂದೆ ಗೊಬ್ಬರದ ಟ್ರೇಲರ್ ಎಳೀತವೆ, ಚಳೀಲಿ ಮುಂದೆ ಹಿಮ ತಳ್ಳೋ ಅಗಲ ಬ್ಲೇಡ್ ಕಟ್ಟಿ ಹಿಂದಿನ ಟೈರಿಗೆ ಚೈನ್ ಸುತ್ತಿದ್ರೆ ಹಿಮಾನೂ ತಳ್ಳುತ್ತವೆ. 1994ರಲ್ಲಿ ಆಲ್ವಿನ್ ಸ್ಟ್ರೇಟ್ ಅನ್ನೋ 73 ವರ್ಷದ ಮುದುಕಪ್ಪ ಕಣ್ಣು ಸರಿ ಕಾಣಲ್ಲ ಅಂತ ಕಾರ್ ಲೈಸೆನ್ಸ್ ಇಲ್ದೆ, ಹುಷಾರಿಲ್ದಿದ್ದ ಅಣ್ಣನ್ನ ನೋಡೋಕೆ ಅಯೋವಾದಿಂದ ವಿಸ್ಕಾನ್ಸಿನ್‌ಗೆ ಸುಮಾರು 240 ಮೈಲಿ ಹೋಗಿದ್ದು 1966ರ ಜಾನ್ ಡಿಯರಲ್ಲೇ. ಗಂಟೆಗೆ ಐದು ಮೈಲಿ ಲೆಕ್ಕದಲ್ಲಿ.

ಪ್ರಶ್ನೆ: ಹೋದ ವರ್ಷ ಚೆನ್ನಾಗ್ ಓಡ್ತಿತ್ತು, ಈ ವರ್ಷ ಸ್ಟಾರ್ಟೇ ಆಗ್ತಿಲ್ಲ.

ಚಳಿಗಾಲ ಪೂರ್ತಿ ಟ್ಯಾಂಕಲ್ಲಿ ಪೆಟ್ರೋಲ್ ಬಿಟ್ಟಿದ್ರಿ ತಾನೆ? ಹತ್ತು ಪರ್ಸೆಂಟ್ ಎಥನಾಲ್ ಇರೋ ಪೆಟ್ರೋಲ್ ನೀರು ಹೀರುತ್ತೆ, ಬಹಳ ದಿನ ನಿಂತ್ರೆ ಕಾರ್ಬ್ಯುರೇಟರ್ ಒಳಗೆ ಬೆಲ್ಲದ ಪಾಕದ ಥರ ಅಂಟು. ಅದರ ಅಡೀಲಿರೋ ಬೌಲ್ ಬಿಚ್ಚಿ, ಪೆಟ್ರೋಲ್ ಹಾಯೋ ಸಣ್ಣ ತೂತಿನ ಜೆಟ್ ತೊಳೀರಿ, ಹೊಸ ಪೆಟ್ರೋಲ್ ಹಾಕಿ. ಮುಂದಿನ ಸಲ ಪೆಟ್ರೋಲ್ ಕೆಡದಂಗೆ ತಡೆಯೋ ಸ್ಟೆಬಿಲೈಸರ್ ಬೆರೆಸಿ ಇಲ್ಲಾಂದ್ರೆ ಪೂರ್ತಿ ಖಾಲಿ ಮಾಡಿಡಿ.

ಪ್ರಶ್ನೆ: ಇಂಡಿಯಾನಾದಲ್ಲಿದೀನಿ, ವಯಸ್ಸು 34. ರೇಸ್ ಅಂದ್ರಲ್ಲ, ನಿಜ್ವಾಗ್ಲೂನಾ? ನನ್ ಹತ್ರ ಒಂದ್ ಹಳೇ ಮೋವರ್ ಇದೆ, ಸ್ಪೀಡ್ ಮಾಡೋದ್ ಹೇಗೆ?

ಅಯ್ಯೋ, ನೀವ್ ಅಡುಗೆ ಮನೇಲೇ ಕೂತ್ಕೊಂಡು ಊಟ ಎಲ್ಲಿ ಅಂತಿದೀರ! ನಿಮ್ಮ ರಾಜ್ಯದ ಟ್ವೆಲ್ವ್ ಮೈಲ್ ಅನ್ನೋ ಪುಟ್ಟ ಊರಲ್ಲಿ 1963ರಿಂದ ಜುಲೈ 4ರ ಹಬ್ಬಕ್ಕೆ ಮೋವರ್ ರೇಸ್ ನಡ್ಕೊಂಡ್ ಬಂದಿದೆ. ಇಂಗ್ಲೆಂಡಲ್ಲಿ 1973ರಲ್ಲಿ ವೆಸ್ಟ್ ಸಸೆಕ್ಸಿನ ವಿಸ್‌ಬರೋ ಗ್ರೀನ್ ಅನ್ನೋ ಹಳ್ಳಿಯ ಪಬ್ಬಲ್ಲಿ ಕೂತವ್ರು, ಕಾರ್ ರೇಸಿಗೆ ದುಡ್ಡಿಲ್ಲ, ಮೋವರ್ ಅಂತೂ ಎಲ್ರ ಮನೇಲೂ ಇದೆಯಲ್ಲ ಅಂದ್ಕೊಂಡು ಶುರು ಹಚ್ಕೊಂಡ್ರು, ಅಲ್ಲಿ ಬಹುಮಾನದ ದುಡ್ಡೂ ಇಲ್ಲ ಸ್ಪಾನ್ಸರೂ ಇಲ್ಲ, ರಾತ್ರಿಯೆಲ್ಲ ಓಡ್ಸೋ 12 ಗಂಟೆ ರೇಸೂ ಇದೆ, ಫಾರ್ಮುಲಾ ಒನ್ನಿನ ಸ್ಟರ್ಲಿಂಗ್ ಮಾಸ್ ಕೂಡ ಬಂದು ಓಡ್ಸಿ ಗೆದ್ದಿದಾರೆ. ಅಮೆರಿಕದ ರಾಷ್ಟ್ರೀಯ ಸಂಘ 1992ರದ್ದು. ಬೆಳಗಾವಿ ಬಾಗಲಕೋಟೆ ಕಡೆ ಟ್ರ್ಯಾಕ್ಟರನ್ನ ಟ್ರೇಲರ್ ಸಮೇತ ರಿವರ್ಸಲ್ಲಿ ಓಡ್ಸೋ ಪಂದ್ಯ ಇಡ್ತಾರಲ್ಲ, ಅದೇ ಹುಚ್ಚು ಇದು.

ಈಗ ಸ್ಪೀಡಿಗೆ ಬರೋಣ, ಆದ್ರೆ ಬ್ಲೇಡಿಂದ ಶುರು. ಬ್ಲೇಡಿನ ತುದಿಗೆ ಇಲ್ಲಿನ ಸ್ಟ್ಯಾಂಡರ್ಡ್ ಇಟ್ಟಿರೋ ಮಿತಿ ನಿಮಿಷಕ್ಕೆ 19,000 ಅಡಿ, ಅಂದ್ರೆ ಗಂಟೆಗೆ 340 ಕಿಲೋಮೀಟರ್ ಮೇಲೆ. ಬ್ಲೇಡ್ ಬಿಚ್ಚದೆ ಯಾವ ರೇಸಿಗೂ ಬಿಟ್ಕೊಳ್ಳಲ್ಲ, ನೀವು ಹಿತ್ತಲಲ್ಲಿ ಟ್ರಯಲ್ ನೋಡೋದಾದ್ರೂ ಬಿಚ್ಚಿ ಪಕ್ಕಕ್ಕಿಟ್ಟೇ ನೋಡಿ. ಆಮೇಲೆ ಕಿಲ್ ಸ್ವಿಚ್. ಒಂದು ದಾರ ಕೈಗೆ ಕಟ್ಟಿರುತ್ತೆ, ನೀವ್ ಸೀಟಿಂದ ಹಾರಿದ್ರೆ ದಾರ ಕಿತ್ಕೊಂಡು ಎಂಜಿನ್ ನಿಲ್ಲುತ್ತೆ. ಆಮೇಲೆ ಬ್ರೇಕ್. ಹಳೇ ಮೋವರ್ ಬ್ರೇಕ್ ಐದು ಮೈಲಿ ಸ್ಪೀಡಿಗೆ ಮಾಡಿದ್ದು, ಸ್ಟೀರಿಂಗಲ್ಲಿ ಎರಡು ಬೆರಳು ಆಟ ಇರುತ್ತೆ, ಗಾಡಿ ಎತ್ತರ, ತಿರುವಲ್ಲಿ ಮಗುಚುತ್ತೆ. ಮುಂದಿನ ಆ್ಯಕ್ಸಲ್ ತಗ್ಗಿಸಿ, ಸೀಟ್ ಇಳಿಸಿ, ಸ್ಟೀರಿಂಗ್ ಜಾಯಿಂಟ್ ಬದಲಾಯಿಸಿ. ಇಷ್ಟಕ್ಕೇ ಒಂದ್ ಚಳಿಗಾಲ ಕಳಿಯುತ್ತೆ, ಕಳೀಲಿ ಬಿಡಿ.

ಸ್ಪೀಡ್ ಬರೋದು ಬೆಲ್ಟ್ ಸುತ್ತೋ ಚಕ್ರದಲ್ಲಿ, ಅಂದ್ರೆ ಪುಲ್ಲೀಲಿ. ಎಂಜಿನ್ ಪುಲ್ಲಿ ಮೂರಿಂಚು, ಗೇರ್‌ಬಾಕ್ಸ್ ಪುಲ್ಲಿ ಆರಿಂಚು ಅಂತಿಟ್ಕೊಳ್ಳಿ, ಎಂಜಿನ್ ಎರಡು ಸುತ್ತು ಸುತ್ತಿದ್ರೆ ಗೇರ್‌ಬಾಕ್ಸ್ ಒಂದು ಸುತ್ತು. ಅದ್ನ ಅದಲು ಬದಲು ಮಾಡಿದ್ರೆ ಒಂದಕ್ಕೆ ಎರಡು, ಒಟ್ಟು ನಾಲ್ಕು ಪಟ್ಟು, ಐದು ಮೈಲಿ ಗಾಡಿ ಲೆಕ್ಕದಲ್ಲಿ ಇಪ್ಪತ್ತು ಮೈಲಿ. ಎಂಜಿನ್ ಒಳಗೆ ಕೈನೇ ಹಾಕಿಲ್ಲ ನೋಡಿ. ಗೇರ್‌ಬಾಕ್ಸ್ ಮಾತ್ರ ಬಿಸಿ ಆಗುತ್ತೆ, ಒಳಗಿನ ಹಳೇ ಗ್ರೀಸ್ ಬದಲಾಯಿಸಿರ್ಬೇಕು.

ಎಲ್ರೂ ಮೊದ್ಲು ಕೈ ಹಾಕೋದು ಗವರ್ನರಿಗೆ, ಅದು ಸ್ಪೀಡ್ ತಡೆಯೋ ಪಾರ್ಟು ಅಂತ. ಅದು ಎಂಜಿನ್ನನ್ನ ನಿಮಿಷಕ್ಕೆ ಸುಮಾರು 3,600 ಸುತ್ತಲ್ಲಿ ಹಿಡ್ದಿಡುತ್ತೆ, ಸುಮ್ನೆ ಅಲ್ಲ. ಒಳಗೆ ಪಿಸ್ಟನ್ ಹಿಡ್ಕೊಂಡಿರೋ ಕನೆಕ್ಟಿಂಗ್ ರಾಡ್ ಅಲ್ಯೂಮಿನಿಯಮ್ಮು, ಮಿತಿ ಮೀರಿದ್ರೆ ಮುರಿದು ಬ್ಲಾಕನ್ನೇ ತೂತು ಮಾಡ್ಕೊಂಡು ಹೊರಗೆ ಬರುತ್ತೆ. ಅದಕ್ಕಿಂತ ಭಯ ಎಂಜಿನ್ ಜೊತೆ ಸುತ್ತೋ ಭಾರದ ಚಕ್ರ, ಎರಕದ ಫ್ಲೈವೀಲು, ಅದು ಒಡೆದ್ರೆ ಚೂರುಗಳು ನಿಮ್ಮ ಕಾಲ ಹತ್ರಾನೇ. ಗವರ್ನರ್ ತೆಗೆಯೋವ್ರು ಎರಕದ ಬದಲು ಗಟ್ಟಿ ಲೋಹದ ತುಂಡಲ್ಲೇ ಕೊರೆದು ಮಾಡಿದ ಬಿಲ್ಲೆಟ್ ರಾಡ್, ಬಿಲ್ಲೆಟ್ ಫ್ಲೈವೀಲ್ ಎರಡೂ ಹಾಕ್ಸಿಯೇ ತೆಗೀತಾರೆ, ಆ ಖರ್ಚು ಗಾಡಿ ರೇಟಿಗಿಂತ ಜಾಸ್ತಿ.

ಪ್ರಶ್ನೆ: ಗಂಟೆಗೆ 180 ಕಿಲೋಮೀಟರ್ ಹೋಗೋ ಮೋವರ್ ಇದೆ ಅಂತ ಮಗ ಹೇಳ್ತಾನೆ, ಬುರುಡೆ ತಾನೆ?

ಬುರುಡೆ ಅಲ್ಲ, ಮಗ ಸ್ವಲ್ಪ ಕಮ್ಮಿನೇ ಹೇಳಿದಾನೆ. 2014ರಲ್ಲಿ ಹೋಂಡಾದವ್ರ ಮೀನ್ ಮೋವರ್ 187 ಕಿಲೋಮೀಟರ್ ದಾಟ್ತು. ಮೇಲ್ಗಡೆ ಮೋವರ್ ಕಾಣ್ತಿದ್ರೂ ಒಳಗಿದ್ದಿದ್ದು ಬೈಕ್ ಎಂಜಿನ್. 2019ರ ಎರಡನೇ ಗಾಡೀಲಿ ಜೆಸ್ಸಿಕಾ ಹಾಕಿನ್ಸ್ ಸೊನ್ನೆಯಿಂದ 100 ಮೈಲಿ ವೇಗಕ್ಕೆ ಆರೂ ಕಾಲು ಸೆಕೆಂಡ್ ಚಿಲ್ಲರೆಲಿ ಹೋಗಿ ದಾಖಲೆ ಮಾಡಿದ್ರು. ನಮ್ ನಿಮ್ ಗ್ಯಾರೇಜಿನ ಮಾತಲ್ಲ ಅದು.

ಪ್ರಶ್ನೆ: ತೀರ್ಥಹಳ್ಳಿ ಹತ್ರ ಮೂರೆಕರೆ ಅಡಿಕೆ ತೋಟ. ತಮ್ಮ ಅಮೆರಿಕದಿಂದ ಹಳೇ ಮೋವರ್ ಕಳಿಸ್ಲಾ ಅಂತಿದಾನೆ.

ತಮ್ಮನಿಗೆ ಥ್ಯಾಂಕ್ಸ್ ಹೇಳಿ, ಬೇಡ ಅನ್ನಿ. ಒಂಬತ್ತಡಿ ಅಂತರದ ಸಾಲಲ್ಲಿ ಗಾಡಿ ತೂರುತ್ತೆ, ಆದ್ರೆ ಬಸಿಗಾಲುವೆ ಹೇಗ್ ದಾಟ್ಸ್ತೀರ? ಬಿದ್ದಿರೋ ಸೋಗೆ, ಹಾಳೆ, ಡ್ರಿಪ್ ಪೈಪು ಎಲ್ಲ ಸ್ಪಿಂಡಲಿಗೆ ಸುತ್ಕೊಂಡು ಅರ್ಧ ದಿನ ಬೆಲ್ಟ್ ಬಿಚ್ಚೋದೇ ಕೆಲ್ಸ. ಇಳಿಜಾರು 15 ಡಿಗ್ರಿ ಮೀರಿದ್ರೆ ಈ ಗಾಡಿ ಓಡ್ಸಬಾರ್ದು ಅಂತ ಕಂಪನಿಯವ್ರೇ ಬರ್ದಿರ್ತಾರೆ. ಹೆಗಲಿಗೆ ಹಾಕೋ ವೀಡ್ ಕಟರ್ರೇ ನಿಮ್ ತೋಟಕ್ಕೆ ಸರಿ.

ಪ್ರಶ್ನೆ: ರೇಸಿಗೆ ಅಂತ ಬಿಚ್ಚಿದ ಬ್ಲೇಡು, ಡೆಕ್ಕು ಮಾರ್ಬಿಡ್ಲಾ?

ಮಾರ್ಬೇಡಿ. ಬೋಲ್ಟ್‌ಗಳನ್ನ ಒಂದ್ ಡಬ್ಬೀಲಿ ಹಾಕಿ ಚೀಟಿ ಅಂಟ್ಸಿ, ಡೆಕ್ ಅಡಿಗೆ ಎಣ್ಣೆ ಬಳ್ದು ನಿಲ್ಸಿ, ಬೇಕಾದಾಗ ವಾಪಸ್ ಹಾಕ್ಬಹುದು. ನಂದೂ ಹಾಗೇ ನಿಲ್ಸಿದೀನಿ, ಎರಡು ವರ್ಷ ಆಯ್ತು. ಹುಲ್ಲು ಈಗ ಪಕ್ಕದ್ ಮನೆ ಹುಡ್ಗ 40 ಡಾಲರಿಗೆ ಕತ್ತರಿಸ್ತಾನೆ.