ದಿನಾ ಪ್ರಾರ್ಥನೆ ಮಾಡ್ತೀನಿ, ಆದರೂ ಕೆಲಸ ಮುಂದೂಡ್ತೀನಿ. ನನ್ನ ನಂಬಿಕೆ ಕಮ್ಮಿನಾ?

ನೀವು ಹಾಸನದವರು, ನಾನು ಚಿಕ್ಕಮಗಳೂರಿನ ಕಡೆಯವನು. 1963ರಿಂದ ಎರಡೂ ಜಿಲ್ಲೆಯ ಕಥೋಲಿಕ ಚರ್ಚುಗಳು ಒಬ್ಬರೇ ಬಿಷಪ್ಪರ ಕೆಳಗೆ, ಒಂದೇ ಧರ್ಮಪ್ರಾಂತ್ಯ, ಹಾಗಾಗಿ ಪಕ್ಕದ ಬೆಂಚಿನವರು ಅಂದುಕೊಂಡು ಬರೆಯುತ್ತೇನೆ.

ಬ್ಯಾಂಕಿನಿಂದ ಬಂದ ಪತ್ರ ತೆರೆಯದೆ ಇಟ್ಟಿದ್ದೀರಿ. ಪರೀಕ್ಷೆಯ ಫೀಸ್ ಕಟ್ಟುವ ಕೊನೆಯ ದಿನ ಹತ್ತಿರ ಬಂದಿದೆ, ಹಳೆಯ ಮಾಲೀಕರಿಗೆ ಒಂದು ಫೋನ್ ಮಾಡಬೇಕು, ಅದೂ ಆಗಿಲ್ಲ. ಭಾನುವಾರದ ಪೂಜೆ ಮಾತ್ರ ತಪ್ಪಿಸಿಲ್ಲ. ಇದು ನಂಬಿಕೆಯ ಕೊರತೆಯಾ, ನಂಬಿಕೆಯಿಂದ ಯಾರಿಗಾದರೂ ಇದು ಸರಿಹೋಗಿದೆಯಾ, ಫಾದರ್ ಮುಂದೆ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಯಲ್ಲಿ ಹೇಳಬೇಕಾ ಅಂತ ಕೇಳಿದ್ದೀರಿ.

ಕೊರತೆ ಅಂತ ನನಗನ್ನಿಸುವುದಿಲ್ಲ. ಆದರೆ ಪ್ರಾರ್ಥನೆಯೂ ಅಡಗಿಕೊಳ್ಳುವ ಜಾಗ ಆಗಬಹುದು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಅಪ್ಪ ತೀರಿಕೊಂಡ ಮೇಲೆ ನಮ್ಮ ಕಾಫಿ ತೋಟದ ಪೌತಿ ಖಾತೆ ಮಾಡಿಸಬೇಕಿತ್ತು, ಅಂದರೆ ಅಪ್ಪನ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಯಿಸಬೇಕಿತ್ತು. ಕೇಳಿದರೆ ಸಣ್ಣ ಕೆಲಸ: ಮರಣ ಪ್ರಮಾಣಪತ್ರ, ವಂಶವೃಕ್ಷ, ಆಧಾರ್, ಒಂದು ಅರ್ಜಿ. ಆದರೆ ವಂಶವೃಕ್ಷ ಅಂದಮೇಲೆ ಅಣ್ಣ, ಅಕ್ಕ ಎಲ್ಲರ ಹೆಸರೂ ಬರಬೇಕು, ಎಲ್ಲರೂ ಕೂತರೆ ಪಾಲಿನ ಮಾತು ಬಂದೇ ಬರುತ್ತೆ, ಪಾಲಿನ ಮಾತು ಬಂದರೆ ಯಾರ ಮುಖ ಹೇಗಾಗುತ್ತೋ ಗೊತ್ತಿಲ್ಲ. ಹಾಗಾಗಿ ನಾನು ದಿನಾ ರಾತ್ರಿ ಜಪಸರ ಹಿಡಿದು 'ದೇವರೇ, ದಾರಿ ತೋರಿಸು' ಅನ್ನುತ್ತಿದ್ದೆ. ದಾರಿ ಕಾಣುತ್ತಲೇ ಇತ್ತು. ಅದು ಮೂಡಿಗೆರೆಯ ಅಣ್ಣನ ಮನೆ ಮೇಲೆ ಹಾದು ಹೋಗುತ್ತಿತ್ತು, ಅಷ್ಟೇ. ಪ್ರಾರ್ಥನೆ ಮುಗಿದಾಗ ಮನಸ್ಸು ಎಷ್ಟು ಹಗುರ ಆಗುತ್ತಿತ್ತು ಅಂದರೆ, ಕೆಲಸವೇ ಆಗಿಹೋಯಿತು ಅನ್ನುವ ಹಾಗೆ ನಿದ್ದೆ ಬರುತ್ತಿತ್ತು.

ಬೈಬಲಿನಲ್ಲಿ ಪ್ರೇಷಿತರ ಕಾರ್ಯಕಲಾಪಗಳ 24ನೇ ಅಧ್ಯಾಯ ಓದಿ. ಫೆಲಿಕ್ಸ್ ಅಂತ ಒಬ್ಬ ರೋಮನ್ ರಾಜ್ಯಪಾಲ. ಕೈದಿಯಾಗಿದ್ದ ಪ್ರೇಷಿತ ಪೌಲ ಅವನ ಮುಂದೆ ನ್ಯಾಯ, ಸಂಯಮ, ಮುಂದೆ ಬರುವ ತೀರ್ಪು ಅಂತ ಮಾತಾಡಿದಾಗ ಫೆಲಿಕ್ಸ್‌ಗೆ ಹೆದರಿಕೆಯಾಯಿತು. ಸದ್ಯಕ್ಕೆ ಹೋಗು, ಸಮಯ ಸಿಕ್ಕಾಗ ಕರೆಸುತ್ತೇನೆ ಅಂದ. ಇಲ್ಲಿವರೆಗೆ ಎಲ್ಲರಿಗೂ ಗೊತ್ತು. ಜನ ಮರೆಯುವುದು ಆಮೇಲಿನದ್ದನ್ನು: ಅವನು ಪೌಲನನ್ನು ಮತ್ತೆ ಮತ್ತೆ ಕರೆಸಿ ಮಾತಾಡಿದ! ಲಂಚದ ಆಸೆಯೂ ಇತ್ತು, ಅದು ಬೇರೆ. ಎರಡು ವರ್ಷ ಕಳೆದು ಅವನ ಜಾಗಕ್ಕೆ ಇನ್ನೊಬ್ಬ ಬಂದ, ಪೌಲ ಇನ್ನೂ ಸೆರೆಯಲ್ಲೇ ಇದ್ದ. ಅಂದರೆ ದೇವರ ಮಾತು ಕೇಳುವುದು, ತೀರ್ಮಾನ ಮುಂದೂಡುವುದು, ಎರಡೂ ಒಟ್ಟಿಗೇ ಆರಾಮಾಗಿ ನಡೆಯುತ್ತೆ.

ಸರಿ, ಹೆದರಿಕೆ ಯಾತಕ್ಕೆ? ನಿಮ್ಮನ್ನು ನೀವು ಸೋಮಾರಿ ಅಂತ ಬೈದುಕೊಂಡಿದ್ದೀರಿ. ಸೋಮಾರಿಗೆ ಇಷ್ಟು ಸಂಕಟ ಇರುವುದಿಲ್ಲ ಮಾರಾಯ್ರೆ. ಮತ್ತಾಯ 25ರಲ್ಲಿ ತಲೆಂತುಗಳ ಕಥೆ ಇದೆಯಲ್ಲ, ಅಲ್ಲಿ ಧಣಿ ಮೂರು ಆಳುಗಳಿಗೆ ಹಣ ಒಪ್ಪಿಸಿ ಹೋಗುತ್ತಾನೆ, ಮೂರನೆಯ ಆಳು ತನ್ನ ಪಾಲಿನ ಒಂದು ತಲೆಂತನ್ನು ನೆಲದಲ್ಲಿ ಹೂತಿಟ್ಟ. ಒಂದು ತಲೆಂತು ಅಂದರೆ ಆಗಿನ ಕೂಲಿಯವನ ಸುಮಾರು 20 ವರ್ಷದ ದುಡಿಮೆ, ಸಣ್ಣ ದುಡ್ಡಲ್ಲ. ಧಣಿ ಅವನನ್ನು ಸೋಮಾರಿ ಅಂತ ಬೈಯುವುದು ನಿಜ. ಆದರೆ ಆಳಿನ ಬಾಯಲ್ಲಿ ಬರುವ ಕಾರಣ ಬೇರೆ: ನೀನು ಕಠಿಣ ಮನುಷ್ಯ ಅಂತ ಗೊತ್ತಿತ್ತು, ಹೆದರಿ ಬಚ್ಚಿಟ್ಟೆ. ಧಣಿ ಎಂಥವನು ಅಂತ ಅವನು ಅಂದುಕೊಂಡಿದ್ದನೋ, ಕೈ ಹಾಗೆಯೇ ನಡೆಯಿತು.

ನನ್ನ ತಲೆಯಲ್ಲೂ ದೇವರು ಅಂದರೆ ಪೇಪರ್ ತಿದ್ದುವ ಮೇಷ್ಟ್ರೇ ಆಗಿದ್ದರು. ಅಣ್ಣನ ಜೊತೆ ಮಾತು ಕೆಟ್ಟರೆ ನಾನು ಕೆಟ್ಟ ತಮ್ಮ, ಕೆಟ್ಟ ಕ್ರೈಸ್ತ, ಫೇಲ್. ಎಫೆಸಿಯರಿಗೆ ಬರೆದ ಪತ್ರದ 2ನೇ ಅಧ್ಯಾಯ, 8ರಿಂದ 10ನೇ ವಾಕ್ಯ ನೋಡಿ. ಮೊದಲು ಕೃಪೆಯಿಂದ ಉದ್ಧಾರ, ಅದು ದೇವರ ವರ, ನಿಮ್ಮ ಸಂಪಾದನೆ ಅಲ್ಲ. ಆಮೇಲೆ, ದೇವರು ಮೊದಲೇ ಸಿದ್ಧಮಾಡಿಟ್ಟ ಒಳ್ಳೆಯ ಕೆಲಸಗಳನ್ನು ಮಾಡುವುದು. ಈ ಕ್ರಮ ಉಲ್ಟಾ ಆದಾಗಲೇ ನಮ್ಮ ಕೈಕಾಲು ಕಟ್ಟಿಹೋಗುವುದು. ರಿಸಲ್ಟ್ ಮೊದಲೇ ಬಂದಾಗಿದೆ ಅಂತ ನಿಜವಾಗಿ ನಂಬಿದರೆ ಬ್ಯಾಂಕಿನ ಪತ್ರ ಬರೀ ಬ್ಯಾಂಕಿನ ಪತ್ರ ಆಗುತ್ತೆ. ಅದರಲ್ಲಿ ಸಾಲ ಎಷ್ಟಿದೆಯೋ ಅಷ್ಟೇ ಇರುತ್ತೆ, ಕಮ್ಮಿ ಆಗುವುದಿಲ್ಲ. ಆದರೆ ನೀವು ಎಂಥವರು ಅನ್ನುವ ತೀರ್ಪು ಅದರೊಳಗೆ ಇರುವುದಿಲ್ಲ.

ನಮ್ಮ ಕಡೆ ಅರೇಬಿಕಾ ಕಾಫಿ ಗಿಡಕ್ಕೆ ಬಿಳಿ ಕಾಂಡಕೊರಕ ಅನ್ನುವ ಹುಳ ಬರುತ್ತೆ. ದುಂಬಿ ಹಾರುವ ಕಾಲ ಶುರುವಾಗುವ ಮೊದಲೇ ಸಾಲು ಸಾಲು ತಿರುಗಿ, ಹುಳ ಹೊಕ್ಕ ಗಿಡ ಕಿತ್ತು ಸುಡಬೇಕು, ಇಲ್ಲದಿದ್ದರೆ ಪಕ್ಕದ ಗಿಡಗಳಿಗೂ ಹೋಗುತ್ತೆ. ಒಬ್ಬ ಹಿರಿಯ ಬೆಳೆಗಾರರು ತೋಟಕ್ಕೇ ಇಳಿಯುತ್ತಿರಲಿಲ್ಲ. ಯಾಕೆ ಅಂದರೆ, 'ನೋಡಿದ್ರೆ ತಾನೇ ಕೀಳ್ಬೇಕಾಗೋದು' ಅಂದರು. ಇಷ್ಟು ಪ್ರಾಮಾಣಿಕ ಉತ್ತರ ನಾನು ಬೇರೆ ಎಲ್ಲೂ ಕೇಳಿಲ್ಲ.

ಈಗ ನಾನು ಮಾಡುವುದು ಹೇಳುತ್ತೇನೆ, ದೊಡ್ಡ ವಿದ್ಯೆ ಏನಲ್ಲ. ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6ಕ್ಕೆ ತ್ರಿಕಾಲ ಪ್ರಾರ್ಥನೆ ಹೇಳುವ ಹಳೇ ರೂಢಿ ನಿಮಗೂ ಗೊತ್ತಿರಬೇಕು, ಅಜ್ಜಿಯಂದಿರು ಬಿಡುತ್ತಿರಲಿಲ್ಲ. ಯಾವ ಕೆಲಸ ಕಂಡರೆ ಹೊಟ್ಟೆ ಕಿವುಚುತ್ತೋ ಅದನ್ನು ಆ 12ರ ಪ್ರಾರ್ಥನೆಗೆ ಮೊದಲು ಮುಟ್ಟುತ್ತೇನೆ. ಮುಗಿಸಲೇಬೇಕು ಅಂತಿಲ್ಲ, ಮುಟ್ಟಬೇಕು. ಮಧ್ಯಾಹ್ನವೇ ಯಾಕೆ ಅಂದರೆ, 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಎವಾಗ್ರಿಯಸ್ ಅನ್ನುವ ಸನ್ಯಾಸಿ 'ನಡುಹಗಲಿನ ದೆವ್ವ'ದ ಬಗ್ಗೆ ಬರೆದಿದ್ದಾರೆ. ಸುಮಾರು 10ರಿಂದ 2 ಗಂಟೆಯವರೆಗೆ ಅದರ ಹಾವಳಿ. ಹೊತ್ತೇ ಹೋಗುವುದಿಲ್ಲ, ಸನ್ಯಾಸಿ ಕಿಟಕಿ ಕಡೆ ನೋಡುತ್ತಾನೆ, ಯಾರಾದರೂ ಬರ್ತಾರಾ ಅಂತ ಕಾಯುತ್ತಾನೆ, ಬೇರೆ ಊರಿಗೆ ಹೋದರೆ ಎಲ್ಲಾ ಸರಿಹೋಗುತ್ತೆ ಅನ್ನಿಸುತ್ತೆ. ಕಿಟಕಿ ಬದಲು ಮೊಬೈಲ್ ಅಂತ ಓದಿಕೊಳ್ಳಿ, ನಮ್ಮದೇ ಕಥೆ ಅಲ್ವಾ? ಅವರ ಮದ್ದು ಸಪ್ಪೆ: ಜಾಗ ಬಿಟ್ಟು ಏಳಬೇಡ.

ಪ್ರಾರ್ಥನೆ ಚಿಕ್ಕದು ಮಾಡಿದೆ. ಪತ್ರವೋ ಫೋನೋ ಕೈಯಲ್ಲಿ ಹಿಡಿದೇ ಪ್ರಾರ್ಥಿಸುತ್ತೇನೆ. 'ಸ್ವಾಮಿ, ಅಣ್ಣ ಸಿಟ್ಟಾಗ್ತಾನೆ ಅಂತ ಭಯ, ಜೊತೆಗಿರು', ಆಮೆನ್, ಡಯಲ್. ಉದ್ದ ಮಾಡಿದರೆ ಮತ್ತೆ ಅದೇ ನಿದ್ದೆ. ಅಣ್ಣನಿಗೆ ಫೋನ್ ಮಾಡಿದ ದಿನ ಚರ್ಚಿನ ಗೆಳೆಯನೊಬ್ಬನನ್ನು ಸುಮ್ನೆ ಪಕ್ಕದಲ್ಲಿ ಕೂರಿಸಿಕೊಂಡಿದ್ದೆ, ನಾಚಿಕೆ ಆಯಿತು, ಆದರೂ ಕೆಲಸ ಆಯಿತು. ಪಾಲಿನ ಮಾತೂ ಬಂತು, ಸ್ವಲ್ಪ ಬಿಸಿಯೂ ಆಯಿತು. ಅಕ್ಕ ಇನ್ನೂ ಪೂರ್ತಿ ಸಮಾಧಾನವಾಗಿಲ್ಲ. ಖಾತೆ ಆಗಿದೆ.

ಒಂದು ಎಚ್ಚರಿಕೆ. ಎಲೀಯ ಪ್ರವಾದಿ ಗಿಡದ ಕೆಳಗೆ ಬಿದ್ದುಕೊಂಡು ಸಾಯಬೇಕು ಅಂದಾಗ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ, ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ತಿನ್ನಿಸಿದ. ನಿಮಗೂ ನಿದ್ದೆ, ಊಟ ಕೆಟ್ಟಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದೆ ವಾರಗಟ್ಟಲೆ ಆಗಿದ್ದರೆ, ಅದಕ್ಕೆ ಪ್ರಾರ್ಥನೆಯ ಜೊತೆ ವೈದ್ಯರೂ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಹತ್ತಿರ ಹೋದರೆ ನಂಬಿಕೆ ಇಲ್ಲ ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ಪಾಪನಿವೇದನೆ ವಿಷಯ: ಹೇಳಿ. ಒಳ್ಳೆಯದು ಯಾವುದು ಅಂತ ಗೊತ್ತಿದ್ದೂ ಮಾಡದಿದ್ದರೆ ಅದು ಪಾಪ ಅಂತ ಯಕೋಬನ ಪತ್ರ 4:17ರಲ್ಲಿ ಇದೆ. ಆದರೆ 'ಫಾದರ್, ನಾನು ಸೋಮಾರಿ' ಅಂತ ಹೇಳಬೇಡಿ, ಅದೂ ಒಂದು ತಪ್ಪಿಸಿಕೊಳ್ಳುವ ದಾರಿಯೇ. 'ಇಂಥವರಿಗೆ ಫೋನ್ ಮಾಡಬೇಕಿತ್ತು, ಮಾಡಿಲ್ಲ' ಅಂತ ಹೇಳಿ. ನಮ್ಮ ಫಾದರ್ ಆಗಿದ್ದರೆ ಯಾವಾಗ ಮಾಡ್ತೀಯ ಅಂತ ಕೇಳದೆ ಬಿಡುವುದಿಲ್ಲ, ಸೋ ಯಾವ ದಿನ ಮಾಡ್ತೀರಿ ಅಂತ ಮೊದಲೇ ನಿಶ್ಚಯಿಸಿಕೊಂಡೇ ಹೋಗಿ.