ಗೊತ್ತಾಗುವ ಭಯ

ಪತ್ರ: “ಯಜಮಾನರಿಗೆ 46 ವರ್ಷ. ಸಕ್ಕರೆ ಕಾಯಿಲೆಯಿಂದ ಮಾವನವರ ಕಾಲು ತೆಗೆಯಬೇಕಾಯಿತು. ಆ ಗಾಯಕ್ಕೆ ದಿನಾ ಡ್ರೆಸ್ಸಿಂಗ್ ಮಾಡುತ್ತಿದ್ದವರು ಇವರೇ. ಈಗ ರಾತ್ರಿ ಮೂರು ಸಲ ಏಳುತ್ತಾರೆ. ಶುಗರ್ ಟೆಸ್ಟ್ ಅಂದರೆ ಮಾತ್ರ ಮಾತು ಮರೆಸುತ್ತಾರೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಲ್ಲವೇ ಇದು?” – ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ: ತಾಯಿ, ಆ ಗಾದೆ ನಿಮ್ಮ ಯಜಮಾನರಿಗೆ ಹೊಂದದು. ಬೆಕ್ಕಿಗೆ ಭಯವಿಲ್ಲ, ಇವರಿಗೆ ಎದೆ ತುಂಬ ಅದೇ. ಟೆಸ್ಟ್ ಅಂದಾಗ ನಿಮಗೆ ಒಂದು ಅಂಕಿ ಕಾಣುತ್ತದೆ, ಅವರಿಗೆ ಅಪ್ಪನ ಪಾದ ಕಾಣುತ್ತದೆ.

ಓದಿದವರೂ ಹೀಗೇ. ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ 2007ರಲ್ಲಿ ತಮ್ಮ ಇಡೀ ಜೀನೋಮ್, ಅಂದರೆ ಪೂರ್ತಿ ವಂಶಲಿಪಿ, ಓದಿಸಿ ಲೋಕದ ಮುಂದಿಟ್ಟರು. ಅಲ್ಜೈಮರ್ ಎಂಬ ಮರೆವಿನ ಕಾಯಿಲೆಯ ಅಪಾಯ ತಿಳಿಸುವ ಒಂದೇ ಒಂದು ಜೀನ್ ಬಗ್ಗೆ ಮಾತ್ರ ನನಗೂ ಹೇಳಬೇಡಿ ಎಂದರು. ಅವರ ಅಜ್ಜಿಗೆ ಆ ಕಾಯಿಲೆಯಿತ್ತು. ಮಿದುಳನ್ನು ಮೆಲ್ಲಗೆ ಕೆಡಿಸುವ, ವಂಶದಲ್ಲಿ ಹರಿದುಬರುವ ಹಂಟಿಂಗ್ಟನ್ ಕಾಯಿಲೆಯ ಮನೆಗಳಲ್ಲೂ ಅಷ್ಟೆ: ಹೆತ್ತವರಲ್ಲಿ ಒಬ್ಬರಿಗಿದ್ದರೆ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. 1993ರಲ್ಲಿ ಜೀನ್ ಪತ್ತೆಯಾಗಿ ಖಚಿತ ಪರೀಕ್ಷೆ ಬಂದಮೇಲೂ ಹೆಚ್ಚಿನವರು ಅದರ ಹತ್ತಿರ ಸುಳಿಯಲಿಲ್ಲ. ಅವರನ್ನು ನಾನು ತಪ್ಪೆನ್ನಲಾರೆ. ತಿಳಿದರೂ ಆ ಕಾಯಿಲೆಯನ್ನು ತಡೆಯುವ ಮದ್ದಿಲ್ಲ.

ಸಕ್ಕರೆ ಕಾಯಿಲೆ ಆ ಸಾಲಿನದಲ್ಲ, ಆದರೆ ಭಯಕ್ಕೆ ಆ ಭೇದ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಸಕ್ಕರೆ ಏರಿಯೇ ಇದ್ದು ಪಾದದ ನರಗಳು ಜೋಮು ಹಿಡಿದು, ಚಪ್ಪಲಿ ಕಚ್ಚಿದ್ದೂ ತಿಳಿಯದೆ ಗಾಯ ಕೊಳೆತಾಗ ಕಾಲಿಗೆ ಕುತ್ತು. ಖಾಲಿ ಹೊಟ್ಟೆಯಲ್ಲಿ 100ರಿಂದ 125 ಬಂದರೆ ನಡಿಗೆ, ಊಟದ ಹಿಡಿತ, ತೂಕ ಇಳಿಸುವುದರಿಂದಲೇ ಎಷ್ಟೋ ಜನ ಕಾಯಿಲೆಯನ್ನು ದೂರವಿಟ್ಟಿದ್ದಾರೆ. 126 ಮುಟ್ಟಿದರೆ ಇನ್ನೊಮ್ಮೆ ಪರೀಕ್ಷಿಸಿ ಚಿಕಿತ್ಸೆ ಶುರುಮಾಡುತ್ತಾರೆ. ರಾತ್ರಿ ಏಳುವುದಕ್ಕೆ ಬೇರೆ ಕಾರಣವೂ ಇರಬಹುದು, ಅದನ್ನೂ ವೈದ್ಯರಿಗೆ ಹೇಳಿ.

ಕಳೆದ ವರ್ಷ ನನ್ನ ರಿಪೋರ್ಟು ನಾಲ್ಕು ದಿನ ಸ್ಕೂಟರಿನ ಡಿಕ್ಕಿಯಲ್ಲೇ ಇತ್ತು. ಸ್ಟೇಪ್ಲರ್ ಪಿನ್ನು ಕೂಡ ತೆಗೆದಿರಲಿಲ್ಲ. ಕೊನೆಗೆ ಮಗಳು ಬಿಡಿಸಿ ಓದಿ, “ಅಪ್ಪಾ, ನಾಳೆಯಿಂದ ವಾಕಿಂಗ್” ಅಂದಳು. ಬೇರೇನೂ ಹೇಳಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬಂತು.

ಆದ್ದರಿಂದ “ಮಾವನವರ ಹಾಗೇ ಆಗುತ್ತೆ” ಎಂದು ದಯವಿಟ್ಟು ಹೆದರಿಸಬೇಡಿ. ನೀವೂ ರಕ್ತ ಕೊಡಿ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಉಚಿತ. ಬೆಳಿಗ್ಗೆ ಕಾಫಿಗೆ ಮೊದಲು ಇಬ್ಬರೂ ಹೋಗಿ, ಬರುವಾಗ ಹೋಟೆಲಿನಲ್ಲಿ ಇಡ್ಲಿ ತಿನ್ನಿ. ರಿಪೋರ್ಟು ನೀವೇ ತನ್ನಿ, ನೀವೇ ಮೊದಲು ನೋಡಿ. ಆಮೇಲೆ ನನಗೊಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

– ಸಂ.