ಆಪತ್ತಿಗೆ ಯಾವ ಕೋವಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಧಾರವಾಡದ ಕಡೆಯವನು, ಪುಣೆಯ ಕೋಥ್ರುಡ್‌ನಲ್ಲಿ ಇದ್ದೇನೆ. ಜುನ್ನರ್ ಹತ್ತಿರ ನಮ್ಮದೊಂದು ಜಮೀನು, ಅದರಲ್ಲಿ ಸಣ್ಣ ಮನೆ. ಸುತ್ತ ಕಬ್ಬು, ಚಿರತೆ ಕಾಟ ಜಾಸ್ತಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ರಸ್ತೆ ಬಂದ್ ಆದರೆ ನಮ್ಮನ್ನು ಕೇಳುವವರೇ ಇಲ್ಲ. ಯೂಟ್ಯೂಬ್‌ನಲ್ಲಿ ಅಮೆರಿಕದವರು ಸರ್ವೈವಲ್ ಗನ್ ಅಂತ ಏನೇನೋ ತೋರಿಸುತ್ತಾರೆ. ಕೈಕೊಡದ ಒಂದೇ ಒಂದು ಕೋವಿ ಇಟ್ಟುಕೊಳ್ಳಬೇಕು ಅಂದರೆ ಯಾವುದು?

ಉತ್ತರ: ಕೇಳಿದ್ದಕ್ಕೆ ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. 12 ಬೋರಿನ (ಬೋರ್ ಅಂದರೆ ನಳಿಗೆಯ ತೂತಿನ ಅಳತೆ) ಡಬಲ್ ಬ್ಯಾರಲ್. ನಮ್ಮೂರ ಕಡೆ ಜೋಡುನಳಿಗೆ ಅಂತಾರಲ್ಲ, ಅದೇ.

ಅದರಲ್ಲಿ ಕೆಡುವುದಕ್ಕೆ ಹೆಚ್ಚೇನೂ ಇಲ್ಲ. ಮಡಚಿ, ಎರಡು ತೋಟಾ ಹಾಕಿ, ಮುಚ್ಚಿದರೆ ಆಯಿತು. ಎರಡು ನಳಿಗೆಗೆ ಎರಡು ಟ್ರಿಗರ್, ಒಂದು ತೋಟಾ ಸಿಡಿಯದಿದ್ದರೆ ಬೆರಳು ಪಕ್ಕಕ್ಕೆ ಸರಿಸಿ ಇನ್ನೊಂದನ್ನು ಎಳೆಯಬಹುದು. ತುಂಬಿದೆಯಾ ಖಾಲಿಯಾ ಅಂತ ಕತ್ತಲಲ್ಲೂ ಮಡಚಿ ಬೆರಳಿಟ್ಟು ನೋಡಬಹುದು. ಪಂಪ್ ಆ್ಯಕ್ಷನ್, ಅಂದರೆ ನಳಿಗೆ ಕೆಳಗಿನ ಹಿಡಿಯನ್ನು ಹಿಂದೆ-ಮುಂದೆ ಎಳೆದು ಮುಂದಿನ ತೋಟಾ ತರುವ ಕೋವಿ, ನೋಡಲು ಚೆಂದ, ಆದರೆ ಗಾಬರಿಯಲ್ಲಿ ಆ ಹಿಡಿಯನ್ನು ಪೂರ್ತಿ ಹಿಂದೆ ಎಳೆಯದೆ ಅರ್ಧಕ್ಕೇ ಮುಂದೆ ತಳ್ಳಿದರೆ ಸಿಕ್ಕಿಕೊಳ್ಳುತ್ತದೆ, ವಾರವಾರ ಅಭ್ಯಾಸ ಮಾಡುವವರಿಗೆ ಮಾತ್ರ ಅದು. ಪಿಸ್ತೂಲಿನದೂ ಇದೇ ಕಥೆ. ರಿವಾಲ್ವರ್ ಇದಕ್ಕಿಂತ ವಾಸಿ, ಒಂದು ತೋಟಾ ಸತ್ತಿದ್ದರೆ ಮತ್ತೆ ಟ್ರಿಗರ್ ಎಳೆದರೆ ಸಿಲಿಂಡರ್ ತಿರುಗಿ ಮುಂದಿನದು ಬರುತ್ತದೆ. ಆದರೆ ನಮ್ಮಲ್ಲಿ ಸಾಮಾನ್ಯ ಜನರಿಗೆ ಸಿಗುವುದು .32 ಬೋರ್. ಪ್ರಾಣಿಗೆ ಅದು ಸಾಲದು, ಗುರಿ ಹಿಡಿಯುವುದೂ ಕಷ್ಟ. 9 ಎಂಎಂ ಪಿಸ್ತೂಲ್, .303 ರೈಫಲ್ ಇವೆಲ್ಲ ನಿಷೇಧಿತ ಬೋರ್, ನಿಮಗೂ ನನಗೂ ಕೊಡುವುದಿಲ್ಲ.

ಈಗ ಯೂಟ್ಯೂಬಿನ ವಿಷಯ. ಅಮೆರಿಕದವರು ಹೊಗಳುವ ಎಆರ್-7 ಅನ್ನುವ .22 ರೈಫಲ್ ಬಿಡಿಬಿಡಿಯಾಗಿ ಕಳಚಿ ತನ್ನ ಹಿಡಿಯೊಳಗೇ ಕೂತುಬಿಡುತ್ತದೆ, ನೀರಿನ ಮೇಲೆ ತೇಲುತ್ತದೆ. ಅದರ ಮೂಲ, ಕಾಡಿನಲ್ಲೋ ಸಮುದ್ರದಲ್ಲೋ ಬಿದ್ದ ವಿಮಾನದ ಪೈಲಟ್ ಮೊಲ, ಹಕ್ಕಿ ಹೊಡೆದು ತಿಂದು ಜೀವ ಉಳಿಸಿಕೊಳ್ಳಲಿ ಅನ್ನುವ ಲೆಕ್ಕಾಚಾರ. ರಷ್ಯಾದವರದು ಇನ್ನೂ ಮಜಾ. 1965ರಲ್ಲಿ ಅವರ ವೊಸ್ಖೋದ್-2 ಬಾಹ್ಯಾಕಾಶ ನೌಕೆ ದಾರಿ ತಪ್ಪಿ ಉರಲ್ ಕಡೆಯ ಹಿಮದ ಕಾಡಿನಲ್ಲಿ ಇಳಿಯಿತು, ಅದರಲ್ಲಿದ್ದ ಲಿಯೋನೊವ್ ಮತ್ತು ಬೆಲ್ಯಾಯೆವ್ ತೋಳ, ಕರಡಿ ಇರುವ ಆ ಕಾಡಿನಲ್ಲಿ ಎರಡು ರಾತ್ರಿ ಕಳೆಯಬೇಕಾಯಿತು. ಮುಂದೆ 1986ರಿಂದ ಗಗನಯಾತ್ರಿಗಳ ಜೊತೆ ಟಿಪಿ-82 ಅನ್ನುವ ಮೂರು ನಳಿಗೆಯ ಪಿಸ್ತೂಲ್ ಹೋಗತೊಡಗಿತು, ಅದರ ಹಿಡಿಯನ್ನೇ ಬಿಚ್ಚಿ ಮಚ್ಚಿನ ಹಾಗೆ ಬಳಸಬಹುದು! ಕೇಳಲು ಖುಷಿ. ಆದರೆ ಇವೆಲ್ಲ ಬೇಟೆಯಾಡಿ ತಿನ್ನಬೇಕಾದವರಿಗೆ, ನೂರು ಮೈಲಿಗೂ ಮನುಷ್ಯರಿಲ್ಲದ ಕಡೆ ಬಿದ್ದವರಿಗೆ. ನಮ್ಮಲ್ಲಿ ಈಗ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆ ಅಂದರೆ ಜೈಲು. ಜುನ್ನರ್‌ನಲ್ಲಿ ನಿಮಗೆ ಹಸಿವಾದರೆ ಮೊಲ ಹುಡುಕಬೇಕಾಗಿಲ್ಲ, ನಾರಾಯಣಗಾಂವ್ ತನಕ ಹೋದರೆ ಮಿಸಳ್ ಸಿಗುತ್ತದೆ.

ಚಿರತೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಿಮ್ಮ ನಿಜವಾದ ಭಯ ಅಲ್ಲಿದೆ ಅನ್ನಿಸುತ್ತದೆ. ಜುನ್ನರ್ ಭಾಗದ ಚಿರತೆಗಳು ಕಬ್ಬಿನಲ್ಲೇ ಮರಿ ಹಾಕುತ್ತವೆ, ಅಲ್ಲೇ ಬೆಳೆಯುತ್ತವೆ. ಕಬ್ಬು ಕಡಿಯುವಾಗ ತಾಯಿ-ಮರಿ ಎದುರಾಗುವುದು ಸಾಮಾನ್ಯ. ಅಲ್ಲಿಯ ಮಾಣಿಕ್‌ಡೋಹ್‌ನಲ್ಲಿ ಚಿರತೆಗಳಿಗಾಗಿಯೇ ರಕ್ಷಣಾ ಕೇಂದ್ರ ಇದೆ ಅಂದರೆ ಲೆಕ್ಕ ಹಾಕಿ. ಚಿರತೆ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲಿನ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯ ಪ್ರಾಣಿ, ಕೊಂದರೆ 3ರಿಂದ 7 ವರ್ಷ ಜೈಲು. ಮೈಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಹೊಡೆದರೆ ಅಪರಾಧ ಅಲ್ಲ, ಸೆಕ್ಷನ್ 11ರಲ್ಲಿ ಆ ರಕ್ಷಣೆ ಇದೆ. ಆದರೆ ಕೊಟ್ಟಿಗೆ ಹತ್ತಿರ ಕಂಡಿತು ಅಂತ ಕಿಟಕಿಯಿಂದ ಹೊಡೆದರೆ ಅದು ಆತ್ಮರಕ್ಷಣೆ ಆಗುವುದಿಲ್ಲ. ಮತ್ತೆ, ಚಿರತೆ ಸಾಮಾನ್ಯವಾಗಿ ಹಿಂದಿನಿಂದ, ಬಗ್ಗಿದವರ ಮೇಲೆ ಬೀಳುತ್ತದೆ. ಹೆಗಲಿನಲ್ಲಿ ನೇತಾಡುವ ಕೋವಿ ಆಗ ಕೈಗೆ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಗಾಯಗೊಂಡ ಚಿರತೆ ಕಬ್ಬಿನೊಳಗೆ ಹೊಕ್ಕರಂತೂ ಊರಿಗೇ ಗಂಡಾಂತರ. ಅಂಗಳಕ್ಕೆ ಒಳ್ಳೆ ದೀಪ, ರಾತ್ರಿ ಹೊರಗೆ ಹೋಗುವಾಗ ಟಾರ್ಚು ಮತ್ತು ಜೋರು ಮಾತು, ನಾಯಿ-ಕರುಗಳಿಗೆ ಗಟ್ಟಿ ಬಾಗಿಲು, ಕಬ್ಬನ್ನು ಮನೆ ಗೋಡೆಗೆ ತಾಗುವ ಹಾಗೆ ಬೆಳೆಸದಿರುವುದು, ಇಷ್ಟು ಮೊದಲು ಮಾಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926 ಫೋನಿನಲ್ಲಿ ಇರಲಿ.

ಇಷ್ಟಾದ ಮೇಲೂ ಕೋವಿ ಬೇಕು ಅಂದರೆ ದಾರಿ ಇದೆ. ನೀವಿರುವುದು ಪುಣೆ ನಗರ, ಆದ್ದರಿಂದ ಅರ್ಜಿ ಪೊಲೀಸ್ ಕಮಿಷನರ್‌ಗೆ, ಹಳ್ಳಿ ಕಡೆ ವಾಸ ಇದ್ದಿದ್ದರೆ ಕಲೆಕ್ಟರ್‌ಗೆ. 21 ವರ್ಷ ಆಗಿರಬೇಕು. ಸುರಕ್ಷಿತವಾಗಿ ಬಳಸುವ ತರಬೇತಿ, ಬೀಗದ ಕಪಾಟು, ಪೊಲೀಸ್ ವಿಚಾರಣೆ ಎಲ್ಲ ಇರುತ್ತದೆ. ಯಾಕೆ ಬೇಕು ಅನ್ನುವ ಕಾಲಂನಲ್ಲಿ ಸುಮ್ನೆ 'ಆತ್ಮರಕ್ಷಣೆ' ಅಂತ ಬರೆದರೆ ನಡೆಯುವುದಿಲ್ಲ, ಜಮೀನಿನ ಕಾಗದ, ಚಿರತೆ ದಾಳಿಯ ದಾಖಲೆ ಏನಿದೆಯೋ ಎಲ್ಲ ಲಗತ್ತಿಸಿ. ಬೇಡ ಅಂದರೆ ಮೇಲ್ಮನವಿಗೆ ಅವಕಾಶ ಇದೆ. ಶಸ್ತ್ರಾಸ್ತ್ರ ಕಾಯ್ದೆಗೆ ಆದ 2019ರ ತಿದ್ದುಪಡಿ ನಂತರ ಲೈಸೆನ್ಸ್ 5 ವರ್ಷಕ್ಕೆ. "ಲೈಸೆನ್ಸ್ ಆಮೇಲೆ ನೋಡೋಣ, ಒಂದು ಸಿಗುತ್ತೆ ಸರ್" ಅನ್ನುವವರ ಹತ್ತಿರವೂ ಸುಳಿಯಬೇಡಿ. ಲೈಸೆನ್ಸ್ ಇಲ್ಲದ ಕೋವಿಗೆ ಕನಿಷ್ಠ 2 ವರ್ಷ ಜೈಲು, 5ರ ತನಕ ಹೋಗಬಹುದು.

ಕೊನೆಗೆ, ಸಹ್ಯಾದ್ರಿಯ ಮಳೆ. ಒಳ್ಳೆಯ ಕೋವಿಯನ್ನೂ ಕೈಕೊಡುವ ಕೋವಿ ಮಾಡುವುದು ತೇವ. ಚರ್ಮದ ಚೀಲದಲ್ಲಿ ಇಡಬೇಡಿ, ಅದು ತೇವ ಹೀರಿ ಹಿಡಿದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಆಗಾಗ ತೆಗೆದು ನಳಿಗೆ ಒರೆಸಿ ಎಣ್ಣೆ ಹಚ್ಚಿ. ತೋಟಾದ ಹಿತ್ತಾಳೆ ಹಸಿರು ಕಟ್ಟಿದ್ದರೆ ಆಪತ್ತಿಗೆ ಅಂತ ಇಡಬೇಡಿ. ಟ್ರಿಗರ್ ಎಳೆದರೂ ಸಿಡಿಯದಿದ್ದರೆ ಕೂಡಲೇ ಮಡಚಿ ಇಣುಕಬೇಡಿ, ಸುರಕ್ಷಿತ ದಿಕ್ಕಿಗೆ ಹಿಡಿದು ಅರ್ಧ ನಿಮಿಷವಾದರೂ ಕಾಯಿರಿ, ಕೆಲವು ತಡವಾಗಿ ಸಿಡಿಯುತ್ತವೆ.

ಪ್ರಶ್ನೆ: ನಾವು ಡೊಂಬಿವಲಿಯವರು. ಮಾವನವರು ತೀರಿಕೊಂಡರು. ಹುಬ್ಬಳ್ಳಿ ಮನೆಯಲ್ಲಿ ಅವರ ಲೈಸೆನ್ಸಿನ ಹಳೆಯ ಜೋಡುನಳಿಗೆ ಇದೆ. 2005ರ ಮಳೆ ನೋಡಿದವರು ನಾವು, ಅಂಥ ಹೊತ್ತಿಗೆ ಇರಲಿ ಅಂತ ನಮ್ಮ ಯಜಮಾನರು ಇಲ್ಲಿಗೆ ತರುತ್ತೇನೆ ಅಂತಾರೆ. ತರಬಹುದಾ?

ಉತ್ತರ: ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಬರಬಹುದಾ ಅಂತ ಕೇಳುತ್ತಿದ್ದರೆ, ಖಂಡಿತ ಬೇಡ ಅಕ್ಕಾ. ಲೈಸೆನ್ಸ್ ಮಾವನವರ ಹೆಸರಿನದು, ಅವರ ಜೊತೆಗೇ ಮುಗಿಯಿತು. ಮೊದಲು ಹುಬ್ಬಳ್ಳಿಯಲ್ಲೇ ಪೊಲೀಸ್ ಠಾಣೆಗೋ ಲೈಸೆನ್ಸ್ ಇರುವ ಗನ್ ಅಂಗಡಿಗೋ ಜಮಾ ಮಾಡಿ ರಸೀದಿ ತೆಗೆದುಕೊಳ್ಳಿ. ವಾರಸುದಾರರಾಗಿ ಯಜಮಾನರು ತಮ್ಮ ಹೆಸರಿಗೆ ಅರ್ಜಿ ಹಾಕಬಹುದು, ಉಳಿದ ಮಕ್ಕಳ ಒಪ್ಪಿಗೆ ಬರೆಸಿಕೊಳ್ಳಿ.

ಇನ್ನು 2005ರ ಮಾತು. ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಸುರಿಯಿತು. ಆ ರಾತ್ರಿ ಜನರಿಗೆ ಬೇಕಾಗಿದ್ದು ಕುಡಿಯುವ ನೀರು, ಟಾರ್ಚು, ಬಿಪಿ-ಶುಗರ್ ಮಾತ್ರೆ, ಕಾರಿನ ಗಾಜು ಒಡೆಯಲು ಒಂದು ಸುತ್ತಿಗೆ. ಗೊತ್ತಿಲ್ಲದವರು ಬಾಗಿಲು ತೆಗೆದು ಗೊತ್ತಿಲ್ಲದವರಿಗೆ ಚಹಾ ಕೊಟ್ಟ ರಾತ್ರಿ ಅದು. ಅಲ್ಲಿ ಕೋವಿಗೆ ಏನು ಕೆಲಸ ಹೇಳಿ?

ಪ್ರಶ್ನೆ: ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ. ಕನ್ನಡಿಗರಾದ ನಮಗೂ ಆ ರಿಯಾಯಿತಿ ಸಿಗುತ್ತದಾ? (ಬಾಗಲಕೋಟೆಯವರು, ಈಗ ವಾಸ್ಕೋ)

ಉತ್ತರ: ಇಲ್ಲ ಮಾರಾಯ್ರೇ. ಅದು ಕೊಡವ ಜನಾಂಗದವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಮಾತ್ರ, 2029ರ ತನಕ ವಿಸ್ತರಿಸಿದ್ದಾರೆ. ವಾಸ್ಕೋದಲ್ಲಿ ಕೂತ ಬಾಗಲಕೋಟೆಯವರಿಗೆ ಅದು ಬರುವುದಿಲ್ಲ. ಮಂಗ ಓಡಿಸಲು ಏರ್‌ಗನ್ ಸಾಕು ಅನ್ನುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. .177 ಬೋರ್ ಮೀರದ, ಗುಂಡಿನ ಶಕ್ತಿ 20 ಜೂಲ್ ದಾಟದ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಗುರಿ ಹಲಗೆಗೆ ಹೊಡೆಯಿರಿ, ಮಂಗನಿಗೆ ಬೇಡ.

ಪ್ರಶ್ನೆ: ಮಗಳು ರಾತ್ರಿ ಪಾಳಿ ಮುಗಿಸಿ ಹಿಂಜವಡಿಯಿಂದ ಬರುತ್ತಾಳೆ. ಪೆಪ್ಪರ್ ಸ್ಪ್ರೇ ಕೊಡಿಸಲಾ?

ಉತ್ತರ: ಕೊಡಿಸಿ, ಅದಕ್ಕೆ ಕೋವಿಯ ಹಾಗೆ ಲೈಸೆನ್ಸ್ ಬೇಡ. ಬ್ಯಾಗಿನ ತಳಕ್ಕೆ ಹಾಕಿದರೆ ಪ್ರಯೋಜನ ಇಲ್ಲ, ಕೈಗೆ ಸಿಗುವ ಹಾಗೆ ಇರಬೇಕು. ಗಾಳಿ ಎದುರಿನಿಂದ ಬೀಸುತ್ತಿದ್ದರೆ ನಮ್ಮ ಕಣ್ಣಿಗೇ ಬೀಳುತ್ತದೆ, ಬಯಲಲ್ಲಿ ಒಮ್ಮೆ ಒತ್ತಿ ನೋಡಲಿ. ಡಬ್ಬಿ ಮೇಲೆ ಮುಗಿಯುವ ತಾರೀಕು ಇರುತ್ತದೆ, ಅದು ದಾಟಿದರೆ ಬದಲಾಯಿಸಿ. ವಿಮಾನಕ್ಕೆ ಹೋಗುವ ದಿನ ಕೈಚೀಲದಿಂದ ತೆಗೆದಿಡಲು ಹೇಳಿ.